ಕೂಲಿಮಠದಿಂದ ಅಂಕಪಟ್ಟಿಯವರೆಗೆ: ಮೈಸೂರು ಸೀಮೆಯಲ್ಲಿ ಪರೀಕ್ಷಾನ್ಯಾಯದ ಚರಿತ್ರೆ

ಮೈಸೂರು ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯನ್ನು ನಿರೂಪಿಸುವಾಗ ಶಾಲೆಗಳು ಎಂದು ಸ್ಥಾಪಿತವಾದುವು, ಅವುಗಳ ಸಂಖ್ಯೆ ಹೇಗೆ ಬೆಳೆಯಿತು, ಸರ್ಕಾರವು ಯಾವ ಯಾವ ಆಜ್ಞೆಗಳನ್ನು ಹೊರಡಿಸಿತು ಎಂಬ ಸಂಗತಿಗಳಿಗೆ ಪ್ರಾಧಾನ್ಯ ದೊರೆಯುವುದು ವಾಡಿಕೆ. ಇವು ಅಗತ್ಯವಾದ ಸಂಗತಿಗಳೇ. ಆದರೆ ಶಾಲೆಯೊಳಗೆ ಕುಳಿತ ವಿದ್ಯಾರ್ಥಿಯ ಪಾಲಿಗೆ ಇವೆಲ್ಲಕ್ಕಿಂತ ಹತ್ತಿರವಾದ ಪ್ರಶ್ನೆಯೊಂದಿದೆ: ತಾನು ಕಲಿತುದನ್ನು ಅಳೆಯುವವರು ಯಾರು, ಯಾವ ಅಳತೆಗೋಲಿನಿಂದ, ಯಾವ ಭಾಷೆಯಲ್ಲಿ? ಈ ಪ್ರಶ್ನೆಗೆ ಕಳೆದ ಇನ್ನೂರು ವರ್ಷಗಳಲ್ಲಿ ದೊರೆತ ಉತ್ತರಗಳನ್ನು ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ. ಪರೀಕ್ಷೆಯ ಸುಧಾರಣೆಯನ್ನು ಕುರಿತು ಇಂದು ನಡೆಯುತ್ತಿರುವ ವಾದವಿವಾದಗಳಿಗೆ ಆ ಉತ್ತರಗಳು ತಕ್ಕಮಟ್ಟಿಗೆ ಬೆಳಕು ಬೀರುತ್ತವೆ ಎಂಬುದು ನಮ್ಮ ನಂಬಿಕೆ.

ನಿದರ್ಶನಕ್ಕಾಗಿ ನಾವು ಕರಿಘಟ್ಟದ ಸುತ್ತಣ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಶ್ರೀರಂಗಪಟ್ಟಣಕ್ಕೆ ಸಮೀಪದಲ್ಲಿ, ಲೋಕಪಾವನಿಯು ಕಾವೇರಿಯನ್ನು ಕೂಡುವೆಡೆಯಲ್ಲಿ ನಿಂತಿರುವ ಈ ಬೆಟ್ಟವು ಶ್ರೀನಿವಾಸನ ಸನ್ನಿಧಿಯಿಂದ ಪ್ರಸಿದ್ಧವಾದುದು. ಇದರ ಆಸುಪಾಸಿನ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ನಮ್ಮ ನಾಡಿನ ಎಲ್ಲ ಬಗೆಯ ಪಾಠಕ್ರಮಗಳೂ ಒಂದರ ಪಕ್ಕದಲ್ಲೊಂದು ಬಾಳಿವೆ. ಮೇಲುಕೋಟೆಯಲ್ಲಿ ಶಾಸ್ತ್ರಪಾಠವಿತ್ತು, ಹಳ್ಳಿಗಳಲ್ಲಿ ಐಗಳ ಮಠವಿತ್ತು, ಪೇಟೆಗಳಲ್ಲಿ ಸರ್ಕಾರಿ ಶಾಲೆ ಬಂದಿತು. ರಾಜಧಾನಿಯ ಪದವಿಯನ್ನು ೧೭೯೯ರಲ್ಲಿ ಕಳೆದುಕೊಂಡ ಶ್ರೀರಂಗಪಟ್ಟಣವು ಮುಂದೆ ಒಂದು ತಾಲ್ಲೂಕಿನ ಊರಾಗಿ, ಮೈಸೂರಿನಲ್ಲಿಯೂ ಮದ್ರಾಸಿನಲ್ಲಿಯೂ ನಿಶ್ಚಯವಾದ ಪಠ್ಯಕ್ರಮಗಳನ್ನು ಅನುಸರಿಸಬೇಕಾಯಿತು. ಆದುದರಿಂದ ದೂರದ ಪರೀಕ್ಷಕನಿಗೂ ಹತ್ತಿರದ ಉಪಾಧ್ಯಾಯನಿಗೂ ಇರುವ ಅಂತರವನ್ನು ಅರಿಯಲು ಈ ಸೀಮೆ ಉಚಿತವಾದ ಕ್ಷೇತ್ರ.

೧

ಕೂಲಿಮಠದ ಒಳವ್ಯವಹಾರವನ್ನು ವಿವರವಾಗಿ ತಿಳಿಯಬೇಕಾದರೆ ಮೈಸೂರಿಗೆ ಉತ್ತರದಲ್ಲಿದ್ದು ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ವರದಿಯೊಂದರ ನೆರವನ್ನು ಪಡೆಯಬೇಕು. ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ದೇಶೀಯ ಶಾಲೆಗಳ ಸ್ಥಿತಿಯನ್ನು ತಿಳಿಸುವಂತೆ ಜಿಲ್ಲಾಧಿಕಾರಿಗಳಿಗೆ ಆಜ್ಞಾಪಿಸಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ಉತ್ತರವು ಅವುಗಳಲ್ಲೆಲ್ಲ ಹೆಚ್ಚು ಸ್ವಾರಸ್ಯವಾದುದು. ೯,೨೭,೮೫೭ ಜನಸಂಖ್ಯೆಯ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು; ಎಂದರೆ ಸಾವಿರ ಜನರಿಗೆ ಏಳು ಮಂದಿಯಷ್ಟು. ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಇಂಗ್ಲಿಷ್ ಕಲಿಸುತ್ತಿದ್ದುದು ಒಂದೇ ಶಾಲೆಯಲ್ಲಿ. ವಿದ್ಯಾರ್ಥಿಗಳ ಪೈಕಿ ಹುಡುಗಿಯರು ಅರುವತ್ತು ಮಂದಿ ಮಾತ್ರ.

ಆ ಶಾಲೆಗಳ ದಿನಚರಿಯನ್ನು ಕ್ಯಾಂಬೆಲ್ ವರ್ಣಿಸಿರುವ ಕ್ರಮ ಗಮನಾರ್ಹ. ಬೆಳಗ್ಗೆ ಆರು ಗಂಟೆಗೆ ಶಾಲೆ ತೆರೆಯುತ್ತಿತ್ತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈ ಮೇಲೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಂತೆಲ್ಲ ಪೆಟ್ಟುಗಳು ಏರುತ್ತಿದ್ದುವು. ನಮ್ಮ ಶಾಲೆಗಳ ಚರಿತ್ರೆಯಲ್ಲಿ ಸ್ಥಾನಕ್ರಮವನ್ನು ನಿಯತವಾಗಿ ಗುರುತಿಸುವ ಪದ್ಧತಿಯ ಒಂದು ಹಳೆಯ ಉದಾಹರಣೆ ಇದು. ಆದರೆ ಅದು ಅಳೆಯುತ್ತಿದ್ದುದು ಹೊತ್ತಿಗೆ ಸರಿಯಾಗಿ ಬರುವ ಶಿಸ್ತನ್ನು; ಕಲಿಕೆಯನ್ನಲ್ಲ ಎಂಬುದನ್ನು ಮರೆಯಲಾಗದು.

ಕಲಿಕೆಯ ಅಳತೆ ಬೇರೆ ರೀತಿಯದು. ಹುಡುಗನು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದನು. ಅದು ಕೈಗೆ ಹತ್ತಿದ ಬಳಿಕ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದನು. ಮಗ್ಗಿಯನ್ನೂ ಲೆಕ್ಕವನ್ನೂ ಬಾಯಿಪಾಠಮಾಡಿ ಒಪ್ಪಿಸುತ್ತಿದ್ದನು. ಒಂದನ್ನು ಚೆನ್ನಾಗಿ ಬಲ್ಲನೆಂದು ಐಗಳಿಗೆ ತೋರಿದಾಗ ಇನ್ನೊಂದಕ್ಕೆ ಹೋಗುತ್ತಿದ್ದನು. ವರ್ಷಕ್ಕೊಂದು ತರಗತಿ ಎಂಬ ಕಟ್ಟು ಇರಲಿಲ್ಲವಾದುದರಿಂದ ತರಗತಿಯಲ್ಲಿ ಉಳಿದುಹೋಗುವುದೆಂಬ ಮಾತಿಗೂ ಅರ್ಥವಿರಲಿಲ್ಲ. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದ ಕ್ರಮವನ್ನು ಕ್ಯಾಂಬೆಲ್ ಬಹುವಾಗಿ ಮೆಚ್ಚಿಕೊಂಡು, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿರುವುದು ಯುಕ್ತವೇ ಎಂಬ ಅಭಿಪ್ರಾಯವನ್ನಿತ್ತಿದ್ದಾನೆ. ಮದ್ರಾಸಿನ ಎಗ್ಮೂರಿನ ಅನಾಥಾಲಯದಲ್ಲಿ ಇದೇ ಬಗೆಯ ಪ್ರಯೋಗ ನಡೆಸಿದ ಡಾಕ್ಟರ್ ಆಂಡ್ರ್ಯೂ ಬೆಲ್ ೧೭೯೭ರಲ್ಲಿ ಅದನ್ನು ಕುರಿತು ಪುಸ್ತಕ ಪ್ರಕಟಿಸಿದ್ದನು. ಅದರಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಈ ಪದ್ಧತಿ ಹರಡಿತು.

ಕೂಲಿಮಠದ ದೋಷಗಳನ್ನೂ ಅದೇ ವರದಿ ಮುಚ್ಚಿಡುವುದಿಲ್ಲ. ಆಡುಮಾತಿಗೆ ದೂರವಾದ ಕಾವ್ಯಭಾಷೆಯ ಗ್ರಂಥಗಳನ್ನು ಹುಡುಗರು ಅರ್ಥವರಿಯದೆ ಉರುಹೊಡೆಯುತ್ತಿದ್ದರು. ಐಗಳ ಒಲವು ತಪ್ಪಿದರೆ ಮೇಲ್ಮನವಿಗೆ ಎಡೆಯಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಠದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ; ಹೆಣ್ಣುಮಕ್ಕಳಿಗಂತೂ ಬಹುತೇಕ ಮುಚ್ಚಿತ್ತು. ಅಳೆಯುವವನಿಗೂ ಅಳೆಯಿಸಿಕೊಳ್ಳುವವನಿಗೂ ಆಳವಾದ ಪರಿಚಯವಿದ್ದ ಈ ವ್ಯವಸ್ಥೆಯಲ್ಲಿ ಆ ಪರಿಚಯದ ವರ್ತುಲವೇ ಕಿರಿದಾಗಿದ್ದಿತು.

೨

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಚಿತ್ರ ಬದಲಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ಮೈಸೂರಿನಲ್ಲಿ ಉಚಿತವಾದ ಇಂಗ್ಲಿಷ್ ಶಾಲೆಯನ್ನು ತೆರೆದಿದ್ದರು. ಮುಂದೆ ಅದೇ ಮಹಾರಾಜಾ ಕಾಲೇಜಾಗಿ ಬೆಳೆಯಿತು. ೧೮೫೪ರ ವುಡ್ ನಿರೂಪವನ್ನು ಅನುಸರಿಸಿ ೧೮೫೭ರಲ್ಲಿ ಮೈಸೂರಿನ ವಿದ್ಯಾಭ್ಯಾಸ ಇಲಾಖೆ ಏರ್ಪಟ್ಟಿತು. ಅದೇ ವರ್ಷ ಮದ್ರಾಸು ವಿಶ್ವವಿದ್ಯಾನಿಲಯವೂ ಹುಟ್ಟಿತು. ಬಿ. ಲೂಯಿಸ್ ರೈಸ್ ಅವರ ಸಲಹೆಯಂತೆ ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆ ಜಾರಿಗೆ ಬಂದು, ಕನ್ನಡದ ಓದುಬರಹ ಹಳ್ಳಿಗಳಿಗೆ ಹತ್ತಿರವಾಯಿತು. ಶಾಸನಸಂಶೋಧಕರೆಂದು ನಾವು ಗೌರವಿಸುವ ರೈಸ್ ಅವರಿಗೆ ಪ್ರಾಥಮಿಕ ವಿದ್ಯಾಭ್ಯಾಸದ ಚರಿತ್ರೆಯಲ್ಲಿಯೂ ಸ್ಥಾನವಿದೆ. ಇದೇ ಕಾಲದಲ್ಲಿ ಮೇಲುಕೋಟೆಯಲ್ಲಿ ೧೮೫೪ರಲ್ಲಿ ಸ್ಥಾಪಿತವಾದ ಸಂಸ್ಕೃತ ಪಾಠಶಾಲೆಯು ಹಳೆಯ ಶಾಸ್ತ್ರಪಾಠವನ್ನು ಹೊಸ ಚೌಕಟ್ಟಿನಲ್ಲಿ ಮುಂದುವರಿಸಿತು. ಶಾಸ್ತ್ರಪಾಠದಲ್ಲಿ ವಿದ್ಯಾರ್ಥಿಯ ಯೋಗ್ಯತೆ ಗೊತ್ತಾಗುತ್ತಿದ್ದುದು ವಾಕ್ಯಾರ್ಥದ ಸಭೆಯಲ್ಲಿ, ಎದುರಾಳಿಯ ಪ್ರಶ್ನೆಗೆ ಆ ಕ್ಷಣದಲ್ಲಿ ಕೊಡುವ ಉತ್ತರದಿಂದ.

ಹೊಸ ವ್ಯವಸ್ಥೆಯ ಮುಖ್ಯ ಲಕ್ಷಣವೆಂದರೆ ಪಾಠ ಹೇಳುವವನನ್ನೂ ಪರೀಕ್ಷೆಮಾಡುವವನನ್ನೂ ಬೇರ್ಪಡಿಸಿದ್ದು. ಮೈಸೂರು ಸಂಸ್ಥಾನದ ಕಾಲೇಜುಗಳು ೧೯೧೬ರವರೆಗೂ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿದ್ದುವು. ಶ್ರೀರಂಗಪಟ್ಟಣದಲ್ಲಿ ಅಕ್ಷರ ಕಲಿತ ಹುಡುಗನು ಪದವಿಯ ಆಸೆಯಿಟ್ಟುಕೊಂಡರೆ, ಅವನ ಮುಖವನ್ನೆಂದೂ ಕಾಣದ ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕಾಗಿತ್ತು. ಇದರಲ್ಲಿದ್ದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಉತ್ತರಪತ್ರಿಕೆಯ ಮೇಲಿನ ಸಂಖ್ಯೆಯು ಬರೆದವನ ಕುಲವನ್ನೂ ಬಳಗವನ್ನೂ ಮರೆಮಾಡಿತು. ಐಗಳ ಮುಲಾಜು ಅಲ್ಲಿ ನಡೆಯಲಿಲ್ಲ. ಆದರೆ ಬರೆದವನ ಊರಿಗೂ ಒಳ್ಳೆಯ ಶಾಲೆಗೂ ಇದ್ದ ದೂರವನ್ನು ಆ ಸಂಖ್ಯೆ ಮರೆಮಾಡಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇದ್ದರೇ ಇಲ್ಲವೇ ಎಂಬುದು ಒಂದೊಂದು ವಾಕ್ಯದಲ್ಲಿಯೂ ಎದ್ದು ಕಾಣುತ್ತಿತ್ತು.

ಪರೀಕ್ಷೆಯ ಫಲಿತಾಂಶವನ್ನೇ ಬೋಧನೆಯ ಬೆಲೆಯೆಂದು ತಿಳಿದುದರ ಪರಿಣಾಮವನ್ನು ಅನ್ಯತ್ರ ನೋಡಬಹುದು. ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ಸಚಿವನು ೧೮೬೨ರಲ್ಲಿ ತಂದ ನಿಯಮಾವಳಿಯಂತೆ ಶಾಲೆಗಳ ಸಹಾಯಧನದ ಬಹುಭಾಗ, ಇನ್‌ಸ್ಪೆಕ್ಟರು ಬಂದ ದಿನ ಎಷ್ಟು ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದರು ಎಂಬುದನ್ನು ಅವಲಂಬಿಸಿತು. ಮದ್ರಾಸು ಪ್ರಾಂತದಲ್ಲಿಯೂ ಫಲಿತಾಂಶಾನುಸಾರ ಸಹಾಯಧನ ಕೊಡುವ ಕ್ರಮ ಬಳಕೆಗೆ ಬಂದಿತು. ಉಪಾಧ್ಯಾಯರು ಪರೀಕ್ಷೆಗೆ ಬರುವಷ್ಟನ್ನೇ ಗಟ್ಟಿಮಾಡಿಸತೊಡಗಿದರು. ಅರ್ಥಗ್ರಹಣ ಹಿಂದಾಯಿತು. ಆ ಶತಮಾನ ಮುಗಿಯುವಷ್ಟರಲ್ಲಿ ಇಂಗ್ಲೆಂಡು ಆ ಕ್ರಮವನ್ನು ಕೈಬಿಟ್ಟಿತು. ಕೂಲಿಮಠದ ಉರುಹೊಡೆತವನ್ನು ಹಳಿದವರ ನಾಡಿನಲ್ಲಿಯೇ ಉರುಹೊಡೆತ ಹೊಸ ವೇಷದಲ್ಲಿ ಕಾಣಿಸಿಕೊಂಡುದು ವಿಚಾರಾರ್ಹ.

೩

ಪರೀಕ್ಷೆಯ ನ್ಯಾಯವು ಸಾಮಾಜಿಕ ನ್ಯಾಯದ ಪ್ರಶ್ನೆಯಾಗಿ ಪರಿಣಮಿಸಿದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಮೈಸೂರು ಸಿವಿಲ್ ಸರ್ವಿಸಿಗೆ ೧೮೯೧ರಿಂದ ಸ್ಪರ್ಧಾಪರೀಕ್ಷೆಯ ಮೂಲಕ ಆಯ್ಕೆ ಮೊದಲಾಗಿತ್ತು. ಅಂಕ ಹೆಚ್ಚು ಪಡೆದವನಿಗೆ ಹುದ್ದೆ ಎಂಬ ನಿಯಮ ಮೇಲುನೋಟಕ್ಕೆ ನಿಷ್ಪಕ್ಷಪಾತವಾದುದು. ಆದರೆ ಹಿಂದಿನಿಂದಲೂ ವಿದ್ಯೆಯ ಸಂಪರ್ಕ ಪಡೆದ ಕೆಲವೇ ಸಮುದಾಯಗಳು ಆ ಹುದ್ದೆಗಳನ್ನು ತುಂಬಿದುವು. ಇದನ್ನು ವಿಚಾರಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ೧೯೧೮ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮಿತಿ ೧೯೧೯ರಲ್ಲಿ ವರದಿ ಒಪ್ಪಿಸಿ ಹಿಂದುಳಿದ ವರ್ಗಗಳಿಗೆ ಹುದ್ದೆಗಳಲ್ಲಿಯೂ ವಿದ್ಯಾರ್ಥಿವೇತನಗಳಲ್ಲಿಯೂ ವಿಶೇಷ ಅವಕಾಶವಿರಬೇಕೆಂದು ಸೂಚಿಸಿತು. ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಯೋಗ್ಯತೆಯೇ ಆಯ್ಕೆಯ ಆಧಾರವಾಗಬೇಕೆಂಬ ಪಕ್ಷದವರು. ಆದರೆ ೧೯೧೩ರ ಪ್ರಾಥಮಿಕ ವಿದ್ಯಾಭ್ಯಾಸ ಶಾಸನವೂ, ಸರ್ಕಾರಿ ಶಾಲೆಗಳಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಪ್ರವೇಶವಿರಬೇಕೆಂಬ ೧೯೧೫ರ ಆಜ್ಞೆಯೂ ಅವರ ಆಡಳಿತಕಾಲದವೇ ಎಂಬುದನ್ನು ಜೊತೆಗೆ ಸ್ಮರಿಸಬೇಕು. ಎರಡು ಪಕ್ಷಗಳನ್ನೂ ಸಮದೃಷ್ಟಿಯಿಂದ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಪರೀಕ್ಷೆಯ ಕೊಠಡಿಯಲ್ಲಿ ಎಲ್ಲರನ್ನೂ ಸಮಾನವಾಗಿ ಕಾಣುವುದು ಅಗತ್ಯ, ಆದರೆ ಆ ಕೊಠಡಿಗೆ ಬರುವ ದಾರಿಗಳು ಅಸಮಾನವಾಗಿದ್ದರೆ ಅಷ್ಟರಿಂದ ನ್ಯಾಯ ಪೂರ್ಣವಾಗದು.

೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗಿ ಪರೀಕ್ಷಕರು ಮದ್ರಾಸಿನಿಂದ ಮೈಸೂರಿಗೆ ಹತ್ತಿರವಾದರು. ಭಾಷೆಯ ದೂರ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಕಡಿಮೆಮಾಡಲು ದುಡಿದವರಲ್ಲಿ ನಮ್ಮ ಸೀಮೆಯ ಸಂಬಂಧವಿದ್ದವರು ಎದ್ದು ಕಾಣುತ್ತಾರೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನಕ್ಕೆ ಸೇರಿ, ಬಾಲ್ಯದ ವಿದ್ಯಾಭ್ಯಾಸವನ್ನು ಶ್ರೀರಂಗಪಟ್ಟಣದಲ್ಲಿ ಪಡೆದ ಬಿ. ಎಂ. ಶ್ರೀಕಂಠಯ್ಯನವರು ಮದ್ರಾಸಿನ ಪರೀಕ್ಷೆಗಳನ್ನು ದಾಟಿ ಇಂಗ್ಲಿಷ್ ಅಧ್ಯಾಪಕರಾದವರು. ಅವರು ೧೯೧೧ರಲ್ಲಿ ಧಾರವಾಡದಲ್ಲಿ ಕನ್ನಡದ ಏಳಿಗೆಯನ್ನು ಕುರಿತು ಮಾಡಿದ ಉಪನ್ಯಾಸ ಪ್ರಸಿದ್ಧವಾದುದು. ೧೯೨೬ರಿಂದ ೧೯೩೦ರವರೆಗೆ ಅವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು, ಕನ್ನಡ ಎಂ.ಎ. ತರಗತಿ ಆರಂಭವಾದುದು ಆ ಅವಧಿಯಲ್ಲಿಯೇ, ೧೯೨೭ರಲ್ಲಿ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ೧೯೦೦ರಲ್ಲಿ ಜನಿಸಿದ ಎ. ಎನ್. ಮೂರ್ತಿರಾಯರೂ ಇಂಗ್ಲಿಷ್ ಅಧ್ಯಾಪಕರೇ. ಕನ್ನಡ ಗದ್ಯಕ್ಕೆ ತಿಳಿಯಾದ ವಿಚಾರಶೈಲಿಯನ್ನು ತಂದವರು. ಇಂಗ್ಲಿಷ್ ಪರೀಕ್ಷೆಯ ಮೆಟ್ಟಿಲನ್ನು ಹತ್ತಿದವರು ಹಿಂದೆ ಬರುವವರಿಗಾಗಿ ಕನ್ನಡದ ಮೆಟ್ಟಿಲು ಕಟ್ಟಿದರೆಂಬುದು ಇವರ ಜೀವನದಿಂದ ತಿಳಿಯುವ ಸಂಗತಿ. ೧೯೪೬ರಲ್ಲಿ ಪ್ರಕಟವಾದ ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಶಾಸ್ತ್ರವಿಷಯಗಳ ಬರವಣಿಗೆಗೆ ಪದಸಾಮಗ್ರಿ ಒದಗಿಸಿತು. ೧೯೫೬ರಿಂದ ೧೯೬೦ರವರೆಗೆ ಉಪಕುಲಪತಿಗಳಾಗಿದ್ದ ಕೆ. ವಿ. ಪುಟ್ಟಪ್ಪನವರು ಕಾಲೇಜಿನ ಪಾಠಕ್ಕೆ ಕನ್ನಡ ಮಾಧ್ಯಮವನ್ನು ತಂದುದು ಈ ದೀರ್ಘ ಪ್ರಯತ್ನದ ಫಲವೆನ್ನಬಹುದು.

೪

ಭಾಷೆಯ ತೊಡಕು ಕಡಿಮೆಯಾದ ಮಾತ್ರಕ್ಕೆ ಅಂಕ ನಂಬಲರ್ಹವಾಗುವುದೇ? ಈ ಸಂದೇಹವನ್ನು ಲೆಕ್ಕದಿಂದ ಪರಿಶೀಲಿಸಿದವರಲ್ಲಿ ಫಿಲಿಪ್ ಹಾರ್ಟಾಗ್ ಪ್ರಮುಖರು. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾಗಿದ್ದು, ಭಾರತದ ವಿದ್ಯಾಭ್ಯಾಸವನ್ನು ಕುರಿತ ೧೯೨೯ರ ಸಮಿತಿಗೆ ಅಧ್ಯಕ್ಷರಾಗಿದ್ದವರು ಇವರೇ. ದೇಶೀಯ ಶಾಲೆಗಳು ಬ್ರಿಟಿಷರ ಕಾಲದಲ್ಲಿ ಅಳಿದುವೆಂದು ಗಾಂಧೀಜಿ ೧೯೩೧ರಲ್ಲಿ ಲಂಡನ್ನಿನಲ್ಲಿ ಹೇಳಿದಾಗ ಅಂಕಿಅಂಶಗಳ ಆಧಾರ ಕೇಳಿ ವಾದ ಹೂಡಿದವರೂ ಇವರೇ. ಹಾರ್ಟಾಗ್ ಮತ್ತು ರೋಡ್ಸ್ ೧೯೩೫ರಲ್ಲಿ ಇಂಗ್ಲೆಂಡಿನ ಪರೀಕ್ಷೆಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಚರಿತ್ರೆಯ ಹದಿನೈದು ಉತ್ತರಪತ್ರಿಕೆಗಳನ್ನು ಹದಿನಾಲ್ಕು ಮಂದಿ ಅನುಭವಿ ಪರೀಕ್ಷಕರು ಒಂದು ವರ್ಷಕ್ಕೂ ಹೆಚ್ಚಿನ ಅಂತರದಲ್ಲಿ ಎರಡು ಸಲ ಬೆಲೆಗಟ್ಟಿದರು. ಒಟ್ಟು ೨೧೦ ತೀರ್ಪುಗಳಲ್ಲಿ ೯೨ ಸಂದರ್ಭಗಳಲ್ಲಿ ಅದೇ ಪರೀಕ್ಷಕನು ಅದೇ ಪತ್ರಿಕೆಗೆ ಎರಡನೆಯ ಸಲ ಬೇರೆ ದರ್ಜೆಯ ತೀರ್ಪು ಕೊಟ್ಟನು. ಬೇರೆ ಬೇರೆ ಪರೀಕ್ಷಕರ ನಡುವಿನ ಭೇದವಿರಲಿ, ಒಬ್ಬನೇ ಪರೀಕ್ಷಕನು ತನ್ನೊಡನೆಯೇ ಒಮ್ಮತಕ್ಕೆ ಬಾರದಿದ್ದನು.

ಸ್ವಾತಂತ್ರ್ಯಾನಂತರದ ಮೊದಲ ವಿಶ್ವವಿದ್ಯಾನಿಲಯ ಆಯೋಗವು ೧೯೪೮ರಲ್ಲಿ ಡಾಕ್ಟರ್ ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಏರ್ಪಟ್ಟಿತು. ೧೯೧೮ರಿಂದ ೧೯೨೧ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ಅವರಿಗೆ ನಮ್ಮ ತರಗತಿಗಳು ಅಪರಿಚಿತವಾಗಿರಲಿಲ್ಲ. ಉನ್ನತ ವಿದ್ಯಾಭ್ಯಾಸದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆಯೇ ಎಂಬುದು ಆ ಆಯೋಗದ ಅಭಿಪ್ರಾಯ. ಪ್ರತಿ ವಿಷಯದ ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ವರ್ಷದುದ್ದಕ್ಕೂ ನಡೆಯುವ ತರಗತಿಯ ಕೆಲಸಕ್ಕೆ ಮೀಸಲಿಡಬೇಕೆಂದೂ, ಕೃಪಾಂಕ ಕೊಡುವ ಪದ್ಧತಿ ನಿಲ್ಲಬೇಕೆಂದೂ ಅದು ಸಲಹೆಮಾಡಿತು. ಪ್ರೌಢಶಿಕ್ಷಣವನ್ನು ಕುರಿತು ೧೯೫೨–೫೩ರಲ್ಲಿ ವಿಚಾರಿಸಿದ ಲಕ್ಷ್ಮಣಸ್ವಾಮಿ ಮೊದಲಿಯಾರ್ ಆಯೋಗವೂ ಶಾಲೆಯ ದಾಖಲೆಗೆ ಮನ್ನಣೆಯಿರಬೇಕೆಂದಿತು. ಎರಡರ ಆಶಯವೂ ಒಂದೇ: ನಿತ್ಯವೂ ವಿದ್ಯಾರ್ಥಿಯನ್ನು ಕಾಣುವ ಅಧ್ಯಾಪಕನ ತಿಳಿವಳಿಕೆಯನ್ನು ಅಂಕಪಟ್ಟಿಯಿಂದ ಪೂರ್ತಿಯಾಗಿ ಹೊರಗಿಡಬಾರದು.

೫

ಈ ಹಿನ್ನೆಲೆಯಲ್ಲಿ ಇತ್ತೀಚಿನ ಎರಡು ಸಂಗತಿಗಳನ್ನು ಪರಿಶೀಲಿಸಬಹುದು. ಎಲಿಮೆಂಟರಿ ಹಂತ ಮುಗಿಯುವವರೆಗೆ ಯಾವ ಮಗುವೂ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದ ಅಗತ್ಯವಿಲ್ಲವೆಂದು ೨೦೦೯ರ ಶಿಕ್ಷಣಹಕ್ಕು ಅಧಿನಿಯಮ ವಿಧಿಸಿತ್ತು. ಹೀಗಿರಲು ೨೦೨೩–೨೪ರಲ್ಲಿ ಕರ್ನಾಟಕ ಸರ್ಕಾರವು ಐದು, ಎಂಟು, ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳಿಗೆ ಮಂಡಳಿಯ ಮೂಲಕ ಪರೀಕ್ಷೆ ನಡೆಸಲು ಹೊರಟಿತು. ೨೦೨೪ರ ಮಾರ್ಚಿಯಲ್ಲಿ ಉಚ್ಚನ್ಯಾಯಾಲಯದ ಏಕಸದಸ್ಯ ಪೀಠ ಅದನ್ನು ರದ್ದುಗೊಳಿಸಿತು. ವಿಭಾಗೀಯ ಪೀಠ ಅನುಮತಿಯಿತ್ತಿತು. ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಫಲಿತಾಂಶಕ್ಕೆ ತಡೆ ವಿಧಿಸಿತು. ಪರೀಕ್ಷೆ ಇದೆಯೋ ಇಲ್ಲವೋ ಎಂಬುದನ್ನು ಐದನೆಯ ತರಗತಿಯ ಮಗು ನ್ಯಾಯಾಲಯದ ಸುದ್ದಿಯಿಂದ ತಿಳಿಯಬೇಕಾಯಿತು.

ಎರಡನೆಯದು ಎಸ್.ಎಸ್.ಎಲ್.ಸಿ. ಪರೀಕ್ಷೆಯದು. ೨೦೨೩ರಲ್ಲಿ ಶೇಕಡ ೮೩.೮೯ ಮಂದಿ ತೇರ್ಗಡೆಯಾಗಿದ್ದರು. ೨೦೨೪ರಲ್ಲಿ ಪರೀಕ್ಷಾಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಂದ ಬಳಿಕ ಆ ಪ್ರಮಾಣ ಶೇಕಡ ೭೩.೪೦ಕ್ಕೆ ಇಳಿಯಿತು, ಅದೂ ಕೃಪಾಂಕದ ಮಿತಿಯನ್ನು ಶೇಕಡ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೆ. ಒಂದು ವರ್ಷದಲ್ಲಿ ನಾಡಿನ ಮಕ್ಕಳು ಅಷ್ಟು ಮಂದಮತಿಗಳಾದರೆಂದು ಯಾರೂ ನಂಬಲಾರರು. ಬದಲಾದುದು ಬಹುಮಟ್ಟಿಗೆ ಅಳತೆಯ ಕ್ರಮ. ಕಾವಲು ಬಿಗಿಯಾದುದು ಒಳ್ಳೆಯದೇ; ನಕಲಿನಿಂದ ಬಂದ ಅಂಕವು ಪ್ರಾಮಾಣಿಕ ವಿದ್ಯಾರ್ಥಿಗೆ ಮಾಡುವ ಅನ್ಯಾಯ ಸಣ್ಣದಲ್ಲ. ಆದರೆ ಕೊರತೆ ಕಾಣಿಸಿದಾಗ ಅದನ್ನು ಕೃಪಾಂಕದಿಂದ ತುಂಬಿದರೆ, ಯಾವ ಶಾಲೆಯಲ್ಲಿ ಯಾವ ಪಾಠ ತಲುಪಲಿಲ್ಲವೆಂಬ ತಿಳಿವಳಿಕೆಯೇ ಅಳಿಸಿಹೋಗುತ್ತದೆ. ರಾಧಾಕೃಷ್ಣನ್ ಆಯೋಗ ನಿಲ್ಲಿಸಬೇಕೆಂದುದು ಮುಕ್ಕಾಲು ಶತಮಾನದ ತರುವಾಯವೂ ನಿಂತಿರಲಿಲ್ಲ.

ಇದುವರೆಗಿನ ವಿವೇಚನೆಯಿಂದ ನ್ಯಾಯವಾದ ಮೌಲ್ಯಮಾಪನಕ್ಕೆ ನಾಲ್ಕು ಅಂಗಗಳುಂಟೆಂದು ಹೇಳಬಹುದು. ಮೊದಲನೆಯದು ಪರಿಚಯ, ಕೂಲಿಮಠದಲ್ಲಿ ಇದು ಇದ್ದಿತು. ಎರಡನೆಯದು ನಿಷ್ಪಕ್ಷಪಾತ, ಇದು ಮದ್ರಾಸಿನ ಪರೀಕ್ಷೆಯೊಡನೆ ಬಂದಿತು. ಮೂರನೆಯದು ತಿಳಿದ ಭಾಷೆ. ಇದಕ್ಕಾಗಿ ಶ್ರೀಕಂಠಯ್ಯನವರ ಕಾಲದಿಂದ ಪುಟ್ಟಪ್ಪನವರ ಕಾಲದವರೆಗೆ ದುಡಿಯಬೇಕಾಯಿತು. ನಾಲ್ಕನೆಯದು ಪ್ರಶ್ನಿಸುವ ಹಕ್ಕು. ಇದು ತೀರ ಈಚಿನದು. ಪರೀಕ್ಷಾರ್ಥಿಗೆ ಬೆಲೆಗಟ್ಟಿದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯ ೨೦೧೧ರಲ್ಲಿ ಮಾಹಿತಿಹಕ್ಕು ಅಧಿನಿಯಮದ ಆಧಾರದಿಂದ ತೀರ್ಪಿತ್ತಿತು. ಪ್ರತಿಯೊಂದು ಸುಧಾರಣೆಯೂ ಈ ಅಂಗಗಳಲ್ಲಿ ಒಂದನ್ನು ಬೆಳೆಸಲು ಹೋಗಿ ಇನ್ನೊಂದನ್ನು ಕುಗ್ಗಿಸಿತೆಂಬುದೇ ನಮ್ಮ ಪರೀಕ್ಷೆಯ ಚರಿತ್ರೆಯ ಮುಖ್ಯ ದೋಷ.

ನಾಲ್ಕನ್ನೂ ಒಟ್ಟಿಗೆ ಕಾಪಾಡುವುದು ಅಧ್ಯಾಪಕರಿಗೆ ಅಸಾಧ್ಯವೇನೂ ಅಲ್ಲ. ಪ್ರಶ್ನೆ ಕೊಡುವ ಮೊದಲೇ ಒಳ್ಳೆಯ ಉತ್ತರದ ಲಕ್ಷಣಗಳನ್ನು ತರಗತಿಯಲ್ಲಿ ಚರ್ಚಿಸಬಹುದು. ಹೆಸರು ಕಾಣದಂತೆ ಪತ್ರಿಕೆಗಳನ್ನು ಮಡಿಸಿ, ಒಬ್ಬ ವಿದ್ಯಾರ್ಥಿಯ ಎಲ್ಲ ಉತ್ತರಗಳನ್ನು ಒಟ್ಟಿಗೆ ಓದುವ ಬದಲು ಒಂದು ಪ್ರಶ್ನೆಯ ಉತ್ತರಗಳನ್ನೆಲ್ಲ ಒಮ್ಮೆಗೆ ಓದಬಹುದು. ಒಂದು ಉತ್ತರದ ಸೊಗಸು ಇನ್ನೊಂದರ ಬೆಲೆಯನ್ನು ಏರಿಸುವ ದೋಷ ಇದರಿಂದ ತಗ್ಗುತ್ತದೆ. ಕೆಲವು ಪತ್ರಿಕೆಗಳನ್ನು ಸಹೋದ್ಯೋಗಿಯೊಬ್ಬರಿಂದ ಮರಳಿ ಅಳೆಯಿಸಿ ಅಂತರವನ್ನು ನೋಡಿಕೊಳ್ಳಬಹುದು. ಪತ್ರಿಕೆಯನ್ನು ಹಿಂದಿರುಗಿಸುವಾಗ ಅಂಕದೊಡನೆ ಎರಡು ಸಾಲಿನ ಕಾರಣವನ್ನು ಬರೆಯಬಹುದು. ತರಗತಿಯ ಕೆಲಸಕ್ಕೆಂದು ಮೀಸಲಾದ ಅಂಕವನ್ನು ಎಲ್ಲರಿಗೂ ಪೂರ್ಣವಾಗಿ ಹಂಚಿಬಿಟ್ಟರೆ ಅದು ಔದಾರ್ಯವಾಗಿ ಕಂಡರೂ ಶ್ರಮಪಟ್ಟವನಿಗೆ ಅನ್ಯಾಯವಾಗುತ್ತದೆ. ವಿದ್ಯಾರ್ಥಿಯನ್ನು ಬಲ್ಲವನೆಂದು ಅಧ್ಯಾಪಕನ ಮೇಲಿಟ್ಟ ನಂಬಿಕೆಗೂ ಕುಂದುಂಟಾಗುತ್ತದೆ.

ಸರ್ಕಾರದ ನೀತಿ ಬದಲಾಗುತ್ತಲೇ ಇರುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ೨೦೨೧ರಲ್ಲಿ ಕರ್ನಾಟಕದ ಕಾಲೇಜುಗಳಿಗೆ ಬಂದ ಪದವಿಕ್ರಮವು ೨೦೨೪ರಲ್ಲಿ ಮತ್ತೆ ಮೂರು ವರ್ಷದ ಕ್ರಮಕ್ಕೆ ಎಡೆಗೊಟ್ಟಿತು. ಇಂಥ ಬದಲಾವಣೆಗಳ ನಡುವೆ ಸಿಲುಕಿದ ವಿದ್ಯಾರ್ಥಿಗಳಿಗೆ ಪಠ್ಯವೂ ಪರೀಕ್ಷೆಯೂ ಏಕಕಾಲದಲ್ಲಿ ಅಪರಿಚಿತವಾಗುವ ಸಂಭವವಿದೆ. ನೀತಿಯನ್ನು ರೂಪಿಸುವವರು ಹೊಸ ಅಳತೆಗೋಲನ್ನು ಜಾರಿಗೆ ತರುವ ಮೊದಲು ಅದು ನಾಗಮಂಗಲದ ಅಥವಾ ಕೃಷ್ಣರಾಜಪೇಟೆಯ ಒಂದು ಹಳ್ಳಿಯ ಶಾಲೆಯಲ್ಲಿ ಹೇಗೆ ನಡೆಯುತ್ತದೆಂಬುದನ್ನು ಒಂದು ವರ್ಷವಾದರೂ ನೋಡಿ ಮುಂದುವರಿಯುವುದು ವಿವೇಕ. ಇನ್ನು, ಆ ಅಳತೆಗೋಲು ಯಾವುದೇ ಇರಲಿ, ಅದನ್ನು ಕೈಯಲ್ಲಿ ಹಿಡಿಯುವವರು ಅಧ್ಯಾಪಕರು. ಇಂದು ಕಾಲೇಜುಗಳಲ್ಲಿ ಓದುತ್ತಿರುವವರಲ್ಲಿ ಹಲವರು ನಾಳೆ ಆ ಸ್ಥಾನಕ್ಕೆ ಬರುವರು. ಪರೀಕ್ಷೆಯ ಚರಿತ್ರೆಯನ್ನೂ ಅದರ ಮಿತಿಗಳನ್ನೂ ಅವರು ತಮ್ಮ ಪಾಠದ ಭಾಗವಾಗಿಯೇ ಅರಿತುಕೊಳ್ಳುವಂತಾದರೆ ಮುಂದಿನ ಸುಧಾರಣೆಗಳಿಗೆ ಅದಕ್ಕಿಂತ ಒಳ್ಳೆಯ ತಳಹದಿ ಬೇರೆ ದೊರೆಯಲಾರದು.